ಔಷಧಿ ಹೊಡೆಯೋ ಪಂಪ್‌ಗೆ ಲಿಥಿಯಂ ಬ್ಯಾಟರಿ ನಾನೇ ಕಟ್ಟಬಹುದಾ? ಹಳೇ ಚಾರ್ಜರ್ ನಡೆಯುತ್ತಾ?

ಪಾಂಡವಪುರದವನು:

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಭತ್ತ, ಕಬ್ಬು, ಮನೆ ಮಟ್ಟಿಗೆ ಒಂದಿಷ್ಟು ತರಕಾರಿ. ಔಷಧಿ ಹೊಡೆಯೋಕೆ ಬೆನ್ನಿಗೆ ಹಾಕೋ 16 ಲೀಟರ್ ಬ್ಯಾಟರಿ ಪಂಪ್ ಇದೆ. ಅದರ ಒಳಗಿರೋದು 12 ವೋಲ್ಟ್ 8 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿ. ಹೊಸದರಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಆರಾಮಾಗಿ ಓಡುತ್ತಿತ್ತು. ಈಗ ಮೂರನೇ ಟ್ಯಾಂಕ್ ಮುಗಿಯೋ ಹೊತ್ತಿಗೆ ನಾಝಲ್‌ನಿಂದ ತುಂತುರು ಬರೋದು ನಿಂತು ಹನಿ ಹನಿ ಬೀಳೋಕೆ ಶುರುವಾಗುತ್ತೆ. ಅಷ್ಟರಲ್ಲಿ ಅರ್ಧ ಗದ್ದೆ ಕೂಡ ಮುಗಿದಿರಲ್ಲ.

ಅಂಗಡಿಯಲ್ಲಿ ಇನ್ನೊಂದು ಲೆಡ್ ಬ್ಯಾಟರಿ ಹಾಕಿಸಿಕೊಳ್ಳಿ ಅಂದರು. ಆದರೆ ಅಪ್ಪನಿಗೆ ಬೆನ್ನು ನೋವು. ಭಾರ ಕಡಿಮೆ ಆದರೆ ಒಳ್ಳೇದು ಅಂತ ಲಿಥಿಯಂ ಯೋಚನೆ ಬಂತು. ವಿಡಿಯೋಗಳನ್ನ ನೋಡಿ ಒಂದು ಲೆಕ್ಕ ಹಾಕಿದ್ದೇನೆ. 18650 ಅನ್ನೋ ಉರುಟು ಲಿಥಿಯಂ ಅಯಾನ್ ಸೆಲ್ ತಂದು ಮೂರು ಸೀರೀಸ್ (ಒಂದರ ಪ್ಲಸ್‌ಗೆ ಇನ್ನೊಂದರ ಮೈನಸ್), ನಾಲ್ಕು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್). 20 ಆಂಪ್ ಬಿಎಂಎಸ್, ಅಂದರೆ ಸೆಲ್‌ಗಳನ್ನ ಕಾಯೋ ಬೋರ್ಡ್. ಮನೆಯಲ್ಲಿ ಸೋಲ್ಡರಿಂಗ್ ಐರನ್ ಇದೆ, ಅದರಲ್ಲೇ ಜೋಡಿಸೋದು. ಪಂಪ್ ಜೊತೆ ಬಂದ ಚಾರ್ಜರ್ ಚೆನ್ನಾಗಿದೆ. ಸ್ಟಿಕ್ಕರ್ ಮೇಲೆ 12 ವೋಲ್ಟ್ ಅಂತಿದೆ, ಮೀಟರ್ ಹಿಡಿದರೆ 14.4 ತೋರಿಸುತ್ತೆ. ಅದನ್ನೇ ಬಳಸಬಹುದಾ? ಬಿಎಂಎಸ್ ಇದ್ದ ಮೇಲೆ ಅದೇ ಕಟ್ ಮಾಡುತ್ತೆ ಅಂತಾರೆ, ಅಲ್ವಾ?

ಪಂಪ್‌ನ್ನ ನಾವು ರಾತ್ರಿ ಮಹಡಿ ಮೆಟ್ಟಿಲ ಕೆಳಗೆ ಚಾರ್ಜಿಗೆ ಹಾಕಿ ಮಲಗುತ್ತೇವೆ. ಪಕ್ಕದಲ್ಲೇ ಭತ್ತದ ಮೂಟೆ ಇರುತ್ತೆ. ಅಮ್ಮನಿಗೆ ಈ ಲಿಥಿಯಂ ಅಂದರೇನೇ ಭಯ. ಟಿವಿಯಲ್ಲಿ ಸ್ಕೂಟರ್ ಉರಿಯೋದನ್ನ ನೋಡಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.


ಬೆಸುಗೆ ಬೆಂಚು, ನಂಜುಮಳಿಗೆ:

ಸೆಲ್‌ಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದರೆ ಸ್ವಲ್ಪ ತಡೆಯಿರಿ. ಮೈಸೂರಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಸ್ಪ್ರೇಯರ್, ಸಿಸಿಟಿವಿ, ಸೋಲಾರ್ ಲೈಟ್, ಎಲ್ಲಾ ಥರದ ಪ್ಯಾಕ್ ಕಟ್ಟುತ್ತೇನೆ. ನಿಮ್ಮ ಲೆಕ್ಕದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಸೆಲ್ ಅಲ್ಲ, ಆ ಚಾರ್ಜರ್.

ಲೆಕ್ಕ ನೋಡಿ. 14.4 ವೋಲ್ಟ್‌ನ್ನ ಮೂರು ಸೆಲ್‌ಗೆ ಹಂಚಿದರೆ ಒಂದಕ್ಕೆ 4.8. 18650 ಲಿಥಿಯಂ ಅಯಾನ್ ಸೆಲ್ 4.2ಕ್ಕೆ ತುಂಬಿ ಆಯ್ತು. ಅದರ ಮೇಲೆ ತುಂಬಿದರೆ ಒಳಗೆ ಲಿಥಿಯಂ ಲೋಹವಾಗಿ ಕೂರೋಕೆ ಶುರುವಾಗುತ್ತೆ, ಪಾಸಿಟಿವ್ ಕಡೆಯ ವಸ್ತು ಸಡಿಲವಾಗಿ ಆಮ್ಲಜನಕ ಬಿಡುತ್ತೆ. ಒಳಗಿರೋ ದ್ರಾವಣ ಹೊತ್ತಿಕೊಳ್ಳೋ ಅಂಥದ್ದು. ಬೆಂಕಿಗೆ ಹೊರಗಿನ ಗಾಳಿಯೂ ಬೇಕಾಗಿಲ್ಲ. ಟಿವಿಯಲ್ಲಿ ನಿಮ್ಮ ಅಮ್ಮ ನೋಡಿದ್ದು ಅಂಥದ್ದನ್ನೇ. ಅವರ ಭಯ ಸರಿಯಾಗಿಯೇ ಇದೆ.

ಬಿಎಂಎಸ್ ಕಟ್ ಮಾಡಲ್ವಾ ಅಂದರೆ, ಮಾಡುತ್ತೆ. ಸೆಲ್ 4.25 ದಾಟೋ ಹೊತ್ತಿಗೆ ನಿಲ್ಲಿಸುತ್ತೆ. ಆದರೆ ಅದರ ಕೆಲಸ ಅದಲ್ಲ. ಕೆರೆಯಲ್ಲಿ ತೂಬು ಬೇರೆ, ಕೋಡಿ ಬೇರೆ. ದಿನಾ ನೀರು ಬಿಡೋದು, ನಿಲ್ಲಿಸೋದು ತೂಬಿನ ಕೆಲಸ. ಅಕಸ್ಮಾತ್ ಜಾಸ್ತಿ ಬಂದರೆ ಏರಿ ಒಡೆಯದ ಹಾಗೆ ಕಾಯೋದು ಕೋಡಿ. ಚಾರ್ಜರ್ ತೂಬು, ಬಿಎಂಎಸ್ ಕೋಡಿ. ನೀವು ತೂಬೇ ಇಲ್ಲದೆ ದಿನಾ ಕೋಡಿ ಮೇಲೆ ನೀರು ಹರಿಸೋಕೆ ಹೊರಟಿದ್ದೀರಿ. ಬಿಎಂಎಸ್ ಒಳಗೆ ಕರೆಂಟ್ ತಡೆಯೋದು ಮಾಸ್‌ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್. ಅದು ಸುಟ್ಟಾಗ ಹೆಚ್ಚಿನ ಸಲ ಶಾರ್ಟ್ ಆಗಿ ನಿಂತುಬಿಡುತ್ತೆ, ಅಂದರೆ ಬಾಗಿಲು ತೆರೆದೇ ಇರುತ್ತೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ. ಪಂಪ್ ಎಂದಿನ ಹಾಗೆ ಓಡುತ್ತೆ. ಆವತ್ತು ರಾತ್ರಿ ಮೆಟ್ಟಿಲ ಕೆಳಗೆ ಹಾಕಿದಾಗ ನಿಲ್ಲಿಸೋರು ಯಾರೂ ಇರಲ್ಲ.

ಅದಕ್ಕೆ ನಾನು ಯಾರಿಗೇ ಆಗಲಿ ಚಾರ್ಜರ್ ಮೊದಲು ಕೊಡಿಸುತ್ತೇನೆ, ಸೆಲ್ ಆಮೇಲೆ.

ಈಗ ಸೆಲ್ ವಿಷಯ. ನಿಮ್ಮ ಕೆಲಸಕ್ಕೆ 18650 ಬಿಡಿ. ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ, ಅಂಗಡಿಯಲ್ಲಿ ಎಲ್ಎಫ್‌ಪಿ ಅಂತ ಕೇಳಿದರೆ ಸಾಕು. 32700 ಅನ್ನೋ ಸೈಜು, 32 ಮಿಲಿಮೀಟರ್ ದಪ್ಪ, 70 ಉದ್ದ. ಒಂದು ಸೆಲ್ 3.2 ವೋಲ್ಟ್, 6 ಆಂಪ್-ಅವರ್. ನಾಲ್ಕು ಸೀರೀಸ್ ಹಾಕಿದರೆ 12.8. ನಿಮ್ಮ ಮೋಟಾರಿಗೆ ಅಳೆದು ಹೊಲಿಸಿದ ಹಾಗೆ ಹೊಂದುತ್ತೆ. 18650 ಮೂರು ಹಾಕಿದರೆ 12.6ರಲ್ಲಿ ಶುರುವಾಗಿ 9ರ ಕಡೆಗೆ ಇಳಿಯುತ್ತಾ ಹೋಗುತ್ತೆ. ಅರ್ಧ ಖಾಲಿಯಾದಾಗಲೇ ಪ್ರೆಶರ್ ಬಿದ್ದು ಈಗಿನದೇ ಗೋಳು ಮತ್ತೆ. ಎಲ್ಎಫ್‌ಪಿ ಹಾಗಲ್ಲ. 13ರ ಆಸುಪಾಸಿನಲ್ಲೇ ಕೊನೆಯವರೆಗೆ ಎಳೆದು, ಆಮೇಲೆ ಒಂದೇ ಸಲ ಬೀಳುತ್ತೆ.

ಸುರಕ್ಷತೆಯಲ್ಲೂ ಅದೇ ಮೇಲು. ಅದರಲ್ಲಿ ಆಮ್ಲಜನಕ ರಂಜಕದ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತೆ, ಬಿಸಿಯಾದರೂ ಸುಲಭಕ್ಕೆ ಬಿಡಲ್ಲ. ಹಾಗಂತ ಉರಿಯೋದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಳಗಿರೋ ದ್ರಾವಣ ಇದರಲ್ಲೂ ಹೊತ್ತಿಕೊಳ್ಳೋದೇ.

ನಾಲ್ಕು ಸೀರೀಸ್, ಎರಡು ಪ್ಯಾರಲಲ್ ಅಂದರೆ ಎಂಟು ಸೆಲ್, 12 ಆಂಪ್-ಅವರ್. ಒಂದು ಸೆಲ್ ಸುಮಾರು 140 ಗ್ರಾಂ. ಎಲ್ಲಾ ಸೇರಿ 1.2 ಕೆಜಿ ಒಳಗೇ. ಈಗಿರೋ ಲೆಡ್ ಬ್ಯಾಟರಿ ಎರಡೂವರೆ ಕೆಜಿ ಹತ್ತಿರ ಇರುತ್ತೆ. ಅಪ್ಪನ ಬೆನ್ನಿನ ವಿಷಯ ಮಾತ್ರ ನೇರವಾಗಿ ಹೇಳುತ್ತೇನೆ. ಉಳಿಯೋದು ಒಂದು ಕೆಜಿ ಚಿಲ್ಲರೆ. 16 ಲೀಟರ್ ನೀರೇ 16 ಕೆಜಿ. ಟ್ಯಾಂಕ್‌ನ್ನ 12 ಲೀಟರ್‌ಗೆ ನಿಲ್ಲಿಸಿದರೆ ಅದರ ಸುಮಾರು ಮೂರರಷ್ಟು ಭಾರ ಇಳಿಯುತ್ತೆ. ಬ್ಯಾಟರಿ ಜಾಸ್ತಿ ಹೊತ್ತು ಬಂದರೆ ಹಾಗೆ ಮಾಡೋಕೂ ಧೈರ್ಯ ಬರುತ್ತೆ.

ಚಾರ್ಜರ್ 14.6 ವೋಲ್ಟ್ ಎಲ್ಎಫ್‌ಪಿ ಅಂತಲೇ ಬರೆದಿರೋದು ಬೇಕು, 2 ಅಥವಾ 3 ಆಂಪ್. "ನಿಮ್ಮ ಹಳೇದರಲ್ಲಿ 14.4 ಬರುತ್ತಲ್ಲ, ಹತ್ತಿರ ಹತ್ತಿರ ಸರಿಹೋಗುತ್ತೆ" ಅಂತ ಯಾರಾದರೂ ಹೇಳಬಹುದು. ಪಂಪ್ ಜೊತೆ ಬರೋ ಅಗ್ಗದ ಚಾರ್ಜರ್‌ಗಳ ಒಳಗೆ ಏನಿದೆ ಅಂತ ಬಿಚ್ಚಿ ನೋಡಿದವನು ನಾನು. ಕರೆಂಟ್ ಮೇಲೆ ಕೆಳಗೆ ಆದರೆ ಕೆಲವು ತಾವೂ ಮೇಲೆ ಕೆಳಗೆ ಆಗುತ್ತವೆ. ಹಳ್ಳಿ ಕಡೆ ರಾತ್ರಿ ಹೊತ್ತು ವೋಲ್ಟೇಜ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹಳೇದನ್ನ ಆ ಪೆಟ್ಟಿಗೆಯಿಂದಲೇ ತೆಗೆದುಬಿಡಿ. ಪಿನ್ ಒಂದೇ ಥರ ಇದ್ದರೆ ಒಂದು ದಿನ ಯಾರಾದರೂ ಚುಚ್ಚೇ ಚುಚ್ಚುತ್ತಾರೆ. ಹೊಸ ಪ್ಯಾಕಿಗೆ ಬೇರೆ ಥರದ ಕನೆಕ್ಟರ್ ಹಾಕಿ.

ಸೋಲ್ಡರಿಂಗ್ ವಿಷಯ. ಸೆಲ್ ಮೇಲೆ ನೇರವಾಗಿ ಐರನ್ ಇಡಲೇಬೇಡಿ. ಒಳಗೆ ಪ್ಲಸ್ ಮೈನಸ್ ಪದರಗಳನ್ನ ಬೇರೆ ಇಟ್ಟಿರೋದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಹಾಳೆ. ಪಾಲಿಎಥಿಲೀನ್ ಆದರೆ 130 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತೆ. ಐರನ್ ತುದಿ 350 ಇರುತ್ತೆ. ಅದಕ್ಕೇ ಸ್ಪಾಟ್ ವೆಲ್ಡಿಂಗ್ ಮಾಡೋದು. ಕ್ಷಣದಲ್ಲಿ ಮುಗಿಯುತ್ತೆ, ಬಿಸಿ ಒಳಗೆ ಇಳಿಯಲ್ಲ. ನಿಮ್ಮ ಹತ್ತಿರ ವೆಲ್ಡರ್ ಇಲ್ಲ ಅಂದುಕೊಳ್ಳುತ್ತೇನೆ. 32700ರಲ್ಲಿ ಎರಡೂ ತುದಿಗೆ ಸ್ಕ್ರೂ ಇರೋ ಸೆಲ್ ಸಿಗುತ್ತವೆ. ಮೊದಲ ಸಲ ಕಟ್ಟೋರಿಗೆ ಅದೇ ವಾಸಿ. ಸೆಲ್ ಜೋಡಿಸೋ ಲೋಹದ ಪಟ್ಟಿ ಇಟ್ಟು ನಟ್ ಬಿಗಿದರೆ ಆಯ್ತು. ಸ್ಪ್ರಿಂಗ್ ವಾಷರ್ ಮರೆಯಬೇಡಿ. ಗದ್ದೆ ದಾರಿಯಲ್ಲಿ ಬೈಕ್ ಮೇಲೆ ಹೋಗೋ ಪಂಪ್, ನಟ್ ಸಡಿಲ ಆದರೆ ಅಲ್ಲೇ ಕಾದು ಕರಗುತ್ತೆ.

ಇನ್ನೊಂದು ವಿಷಯವನ್ನ ಸೆಲ್ ಕೈಯಲ್ಲಿ ಹಿಡಿದು ನೋಡಿದರೇ ಅರ್ಥವಾಗೋದು. ಪ್ಲಸ್ ಅಂದರೆ ತಲೆ ಮೇಲಿನ ಆ ಗುಂಡಿ ಅಷ್ಟೇ. ಉಳಿದಿದ್ದೆಲ್ಲಾ, ಕೆಳಗಿನ ತಳ, ಸುತ್ತಲಿನ ಗೋಡೆ, ಆ ಗುಂಡಿ ಸುತ್ತ ಮಡಚಿರೋ ಅಂಚು ಕೂಡ, ಮೈನಸ್. ಅಂಚಿಗೂ ಗುಂಡಿಗೂ ನಡುವೆ ಒಂದೆರಡು ಮಿಲಿಮೀಟರ್ ಜಾಗ. ಅಲ್ಲಿ ಕಾಪಾಡ್ತಾ ಇರೋದು ಬಣ್ಣದ ಆ ತೆಳು ಪ್ಲಾಸ್ಟಿಕ್ ಕವಚ ಮಾತ್ರ. ಪ್ಲಸ್ ಪಟ್ಟಿ ಅದರ ಮೇಲೆ ಹಾದು ಹೋಗುತ್ತೆ. ಅಲುಗಾಡಿ ಅಲುಗಾಡಿ ಕವಚ ಸವೆದ ದಿನ ನೇರ ಶಾರ್ಟ್. ಫ್ಯೂಸ್ ಇದ್ದರೂ ಪ್ರಯೋಜನ ಇಲ್ಲ, ಯಾಕೆಂದರೆ ಆ ಶಾರ್ಟ್ ಆಗೋದು ಫ್ಯೂಸ್‌ಗಿಂತ ಒಳಗಡೆ. ಅದಕ್ಕೆ ಪ್ರತಿ ಸೆಲ್ ತಲೆಗೂ ಬಾರ್ಲಿ ಪೇಪರ್ (ಕರೆಂಟ್ ಹಾಯದ ಗಟ್ಟಿ ಕಾಗದ) ಬಳೆ ಅಂಟಿಸಬೇಕು. ಹಾಳೆ ಹಾಳೆಯಾಗಿ ಕತ್ತರಿಸಿದ್ದೇ ಸಿಗುತ್ತೆ, ತೀರಾ ಅಗ್ಗ. ನನ್ನ ಬೆಂಚಿಗೆ ಸುಟ್ಟು ಬರೋ ಪ್ಯಾಕ್‌ಗಳಲ್ಲಿ ಎಷ್ಟೋ ಸಲ ಇಲ್ಲದೇ ಇರೋದು ಈ ಬಳೆಯೇ.

ಸೆಲ್ ಬಂದ ತಕ್ಷಣ ಕಟ್ಟೋಕೆ ಕೂರಬೇಡಿ. ತೂಕ ನೋಡಿ. ಮೀಟರ್‌ನಲ್ಲಿ ವೋಲ್ಟೇಜ್ ನೋಡಿ ಪ್ರತಿಯೊಂದರ ಮೈ ಮೇಲೂ ಮಾರ್ಕರ್‌ನಲ್ಲಿ ಬರೆಯಿರಿ. ವ್ಯತ್ಯಾಸ 0.05 ವೋಲ್ಟ್ ಒಳಗಿರೋದನ್ನ ಮಾತ್ರ ಒಟ್ಟಿಗೆ ಪ್ಯಾರಲಲ್ ಮಾಡಿ, ಇಲ್ಲ ಅಂದರೆ ತುಂಬಿದ್ದು ಖಾಲಿ ಇರೋದಕ್ಕೆ ಒಂದೇ ಸಲಕ್ಕೆ ನುಗ್ಗುತ್ತೆ. ಆಮೇಲೆ ಎಂಟನ್ನೂ ಪ್ಯಾರಲಲ್‌ನಲ್ಲೇ 3.65 ವೋಲ್ಟ್‌ವರೆಗೆ ತುಂಬಿಸಬೇಕು. ಮೊಬೈಲ್ ರಿಪೇರಿಯವರ ಹತ್ತಿರ ಡಿಸಿ ಪವರ್ ಸಪ್ಲೈ ಇರುತ್ತೆ, ಕೇಳಿದರೆ ಮಾಡಿಕೊಡುತ್ತಾರೆ. ಮೊದಲು 3.65 ಸೆಟ್ ಮಾಡಿ, ಆಮೇಲೆ ಸೆಲ್ ಕೊಡಬೇಕು. ಕೊಟ್ಟ ಮೇಲೆ ನಾಬ್ ಮುಟ್ಟಬಾರದು.

ಇಷ್ಟು ಕಷ್ಟ ಯಾಕೆ ಅಂದರೆ, ಎಲ್ಎಫ್‌ಪಿಯಲ್ಲಿ ನಡುವಿನ ವೋಲ್ಟೇಜ್ ಸಪಾಟು. 40 ಪರ್ಸೆಂಟ್ ತುಂಬಿದ ಸೆಲ್ಲೂ 70 ತುಂಬಿದ್ದೂ ಮೀಟರ್‌ನಲ್ಲಿ ಹೆಚ್ಚೂ ಕಡಿಮೆ ಒಂದೇ ತೋರಿಸುತ್ತವೆ. ಹಾಗೇ ಕಟ್ಟಿದರೆ ಒಂದು ಮೊದಲೇ ತುಂಬಿ ಬಿಎಂಎಸ್ ನಿಲ್ಲಿಸುತ್ತೆ, ಉಳಿದವು ಅರೆಹೊಟ್ಟೆ. ಬಿಎಂಎಸ್ ತಾನೇ ಸರಿ ಮಾಡುತ್ತೆ ಅಂತ ಕಾಯೋಕಾಗಲ್ಲ. ಸಣ್ಣ ಬೋರ್ಡ್‌ಗಳಲ್ಲಿ ಸೆಲ್‌ಗಳನ್ನ ಸಮ ಮಾಡೋ ಬ್ಯಾಲೆನ್ಸ್ ಕರೆಂಟ್ 50 ಮಿಲಿಆಂಪ್ ಅಷ್ಟೇ ಇರುತ್ತೆ. ಒಂದು ಆಂಪ್-ಅವರ್ ವ್ಯತ್ಯಾಸ ಸರಿ ಮಾಡೋಕೆ 20 ಗಂಟೆ ಬೇಕು, ಅದೂ ಪೂರ್ತಿ ತುಂಬಿದ ಸ್ಥಿತಿಯಲ್ಲಿ.

ಬಿಎಂಎಸ್ ಕೂಡ 4ಎಸ್, ಅಂದರೆ ನಾಲ್ಕು ಸೀರೀಸ್, ಎಲ್ಎಫ್‌ಪಿಯದ್ದೇ ಬೇಕು. ಲಿಥಿಯಂ ಅಯಾನ್ ಬೋರ್ಡ್ 4.25ರವರೆಗೂ ಸುಮ್ನೆ ಇರುತ್ತೆ, ಎಲ್ಎಫ್‌ಪಿ ಅಷ್ಟೊತ್ತಿಗೆ ಹಾಳು. ಮೊದಲು ಬಿ ಮೈನಸ್ ವೈರ್, ಅಂದರೆ ಪ್ಯಾಕಿನ ಮೈನಸ್‌ನಿಂದ ಬೋರ್ಡಿಗೆ ಬರೋದು. ಆಮೇಲೆ ಸಣ್ಣ ವೈರ್‌ಗಳನ್ನ ಸಾಲಾಗಿ. ಕನೆಕ್ಟರ್‌ನ್ನ ಬೋರ್ಡಿಗೆ ಚುಚ್ಚೋಕೆ ಮುಂಚೆ ಮೀಟರ್‌ನ ಕಪ್ಪು ಕಡ್ಡಿ ಮೈನಸ್‌ಗೆ ಇಟ್ಟು, ಕೆಂಪು ಕಡ್ಡಿಯನ್ನ ಒಂದೊಂದೇ ಪಿನ್‌ಗೆ ಮುಟ್ಟಿಸಿ. 0, 3.3, 6.6, 9.9, 13.2 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಎಲ್ಲಾದರೂ ತಪ್ಪಿದರೆ ಚುಚ್ಚಬೇಡಿ, ಬೋರ್ಡ್ ಅಲ್ಲೇ ಹೋಗುತ್ತೆ. ಪ್ಲಸ್ ವೈರ್ ಹೊರಡೋ ಜಾಗದಲ್ಲೇ, ನಾಲ್ಕು ಬೆರಳು ದೂರದೊಳಗೆ, ಫ್ಯೂಸ್. ಕೆಲಸಕ್ಕೆ ಕೂರೋವಾಗ ಉಂಗುರ, ಕಡಗ, ವಾಚ್ ತೆಗೆದಿಡಿ. ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಕಣ್ಣಿಗೆ ಕನ್ನಡಕ ಹಾಕಿ.

ಮೆಟ್ಟಿಲ ಕೆಳಗೆ ಚಾರ್ಜ್ ಹಾಕೋದು ಇವತ್ತಿಂದಲೇ ನಿಲ್ಲಿಸಿ, ಲೆಡ್ ಆದರೂ ಸರಿ. ರಾತ್ರಿ ಏನಾದರೂ ಆದರೆ ಮಹಡಿಯಿಂದ ಇಳಿಯೋಕೆ ಇರೋದು ಅದೊಂದೇ ದಾರಿ ಅಲ್ವಾ?


ಕುವೆಂಪುನಗರ ಟಾರ್ಚ್:

ಅಣ್ಣ, ಇಷ್ಟೆಲ್ಲಾ ಬೇಕಾ? ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತೆ. ಒಂದು ಒಡೆದರೆ ಆರು ಸೆಲ್. ನಾನು ಅದರಲ್ಲೇ ಪವರ್ ಬ್ಯಾಂಕ್, ಟಾರ್ಚ್, ವೈಫೈ ರೌಟರ್ ಬ್ಯಾಕಪ್ ಮಾಡಿಕೊಂಡಿದ್ದೇನೆ. ಏನೂ ಆಗಿಲ್ಲ. ಆನ್‌ಲೈನ್‌ನಲ್ಲಿ 9900 ಎಂಎಎಚ್ ಸೆಲ್ ಕೂಡ ಅಗ್ಗಕ್ಕೆ ಬರುತ್ತಲ್ಲ?


ಬೆಸುಗೆ ಬೆಂಚು, ನಂಜುಮಳಿಗೆ:

9900 ಅಂತ ಬರೆದಿರೋದು ಶುದ್ಧ ಸುಳ್ಳು. ಒಳ್ಳೇ ಕಂಪನಿಯ 18650 ಸೆಲ್ ಸಾಮಾನ್ಯವಾಗಿ 3500ರ ಹತ್ತಿರ ನಿಲ್ಲುತ್ತೆ. ಆ ಡಬ್ಬಿಯೊಳಗೆ ಅದಕ್ಕಿಂತ ಮೂರು ಪಟ್ಟು ತುಂಬೋಕೆ ಜಾಗವೇ ಇಲ್ಲ. ತಕ್ಕಡಿಗೆ ಹಾಕಿ ನೋಡಿ. ಒಳ್ಳೇದು 45ರಿಂದ 50 ಗ್ರಾಂ ತೂಗುತ್ತೆ. 30-35 ಗ್ರಾಂ ಬಂದರೆ ಒಳಗೆ ಏನು ಇದೆಯೋ ದೇವರಿಗೇ ಗೊತ್ತು.

ಲ್ಯಾಪ್‌ಟಾಪ್ ಸೆಲ್‌ನ ಪೂರ್ತಿ ತೆಗೆದುಹಾಕಲ್ಲ. ಒಂದೇ ಸೆಲ್ ಇರೋ ಟಾರ್ಚಿಗೆ, ಕೆಪಾಸಿಟಿ ಟೆಸ್ಟ್ ಮಾಡಿ ಹಾಕಿದರೆ ತಕರಾರಿಲ್ಲ. ಹನ್ನೆರಡು ಸೇರಿಸಿ ಪ್ಯಾಕ್ ಮಾಡೋದು ಬೇರೆ ಮಾತು. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಸೆಲ್ 2 ವೋಲ್ಟ್‌ಗಿಂತ ಕೆಳಗೆ ಇಳಿದಿದ್ದರೆ ಒಳಗಿನ ತಾಮ್ರದ ಹಾಳೆ ಕರಗಿ ದ್ರಾವಣಕ್ಕೆ ಸೇರಿರುತ್ತೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೊಳಗೇ ಶಾರ್ಟ್ ಮಾಡುತ್ತೆ. ಮೀಟರ್ 4.2 ತೋರಿಸುತ್ತೆ, ಸೆಲ್ ಸರಿಯಾಯ್ತು ಅಂತ ಖುಷಿಯಾಗುತ್ತೆ. ಪ್ಯಾರಲಲ್‌ನಲ್ಲಿ ಅಂಥದ್ದು ಒಂದು ಇದ್ದರೆ ಪಕ್ಕದ ಮೂರೂ ತಮ್ಮಲ್ಲಿರೋ ಕರೆಂಟ್‌ನ್ನೆಲ್ಲಾ ಅದಕ್ಕೇ ಸುರಿಯುತ್ತವೆ.

ನಿಮ್ಮ ರೌಟರ್ ಮೇಜಿನ ಮೇಲೆ ಇರುತ್ತೆ. ಇವರ ಪ್ಯಾಕ್ ಇವರ ತಂದೆಯ ಬೆನ್ನ ಮೇಲೆ ಇರುತ್ತೆ, ಎರಡು ಪಟ್ಟಿ ಬಿಗಿದು. ಬಿಚ್ಚಿ ಎಸೆಯೋಕೂ ಸಮಯ ಬೇಕು. ಆದ್ದರಿಂದ ಹೊಸ ಸೆಲ್ಲೇ, ಒಂದೇ ಬ್ಯಾಚ್‌ನದ್ದೇ. ಇದರಲ್ಲಿ ನಾನು ರಾಜಿ ಆಗಲ್ಲ.


ಸರ್ವಿಸ್ ಬೇ, ಮಂಡ್ಯ:

ನಾನು ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್ ಮಾಡೋನು. ಬೆಂಚು ಅಣ್ಣ ಹೇಳಿದ್ದಕ್ಕೆ ಬೆಂಕಿ ಹತ್ತಿದರೆ ಏನು ಮಾಡಬೇಕು ಅನ್ನೋದನ್ನ ಸೇರಿಸುತ್ತೇನೆ.

ಪ್ಯಾಕ್ ಉಬ್ಬಿದ್ದರೆ, ನೇಲ್ ಪಾಲಿಶ್ ತೆಗೆಯೋ ದ್ರವದ ಥರ ಸಿಹಿ ವಾಸನೆ ಬಂದರೆ, ಚಾರ್ಜ್‌ನಲ್ಲಿ ಕೈ ಇಡೋಕಾಗದಷ್ಟು ಬಿಸಿಯಾದರೆ ಮೊದಲು ಮೇನ್ ಸ್ವಿಚ್ ಆಫ್. ಹೊಗೆ ಇನ್ನೂ ಬಂದಿಲ್ಲ ಅಂದರೆ ಮಾತ್ರ ಬಯಲಿಗೆ ಸಾಗಿಸಿ. ಸುಸ್ ಅಂತ ಸದ್ದು ಬಂತೋ, ಬಿಳಿ ಹೊಗೆ ಬಂತೋ, ಅದನ್ನ ಎತ್ತೋಕೆ ಹೋಗಬೇಡಿ. ಮನೆಯವರನ್ನೆಲ್ಲಾ ಹೊರಗೆ ಕರೆತನ್ನಿ, 112ಕ್ಕೆ ಫೋನ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತೆ, ಶ್ವಾಸಕೋಶಕ್ಕೆ ವಿಷ.

ಲಿಥಿಯಂ ಬೆಂಕಿಗೆ ನೀರು ಹಾಕಬಾರದು ಅನ್ನೋ ಮಾತು ತುಂಬಾ ಕೇಳುತ್ತೇನೆ. ಇಂಥ ಸೆಲ್‌ಗಳಿಗೆ ಅದು ತಪ್ಪು. ದೂರದಿಂದ ಧಾರಾಳವಾಗಿ ನೀರು ಹಾಕಬೇಕು. ನೀರು ತಣ್ಣಗೆ ಮಾಡಿದರೆ ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ಹಬ್ಬೋದು ತಪ್ಪುತ್ತೆ. ಪುಡಿ ಇರೋ ಸಿಲಿಂಡರ್ ಜ್ವಾಲೆ ಆರಿಸುತ್ತೆ, ಬಿಸಿ ಇಳಿಸಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿಕೊಳ್ಳುತ್ತೆ. ಆರಿದ ಮೇಲೂ ಆ ದಿನ ಅದನ್ನ ಮನೆಯೊಳಗೆ ತರಬೇಡಿ.

2022ರಲ್ಲಿ ಸ್ಕೂಟರ್‌ಗಳು ಸಾಲಾಗಿ ಉರಿದ ಮೇಲೆ ಸರ್ಕಾರ ಎಐಎಸ್-156 ಅನ್ನೋ ನಿಯಮವನ್ನ ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್ 1ಕ್ಕೆ ಬಂತು, ಎರಡನೇದು 2023ರ ಮಾರ್ಚ್ 31ಕ್ಕೆ. ಸೆಲ್ ಮಧ್ಯೆ ಬಿಸಿ ಹೋಗೋಕೆ ಜಾಗ ಇರಬೇಕು, ಒಳಗೆ ಗ್ಯಾಸ್ ಆದರೆ ಹೊರಗೆ ಹೋಗೋಕೆ ದಾರಿ ಇರಬೇಕು ಅಂತ ಅದರಲ್ಲಿದೆ. ನಿಮ್ಮ ಪಂಪ್‌ಗೆ ಆ ನಿಯಮ ಅನ್ವಯ ಆಗಲ್ಲ. ಆದರೆ ಆ ಎರಡು ಮಾತು ತಗೊಳ್ಳಿ. ಸೆಲ್‌ಗಳನ್ನ ಒಂದಕ್ಕೊಂದು ಅಂಟಿಸಿ ಟೇಪ್ ಸುತ್ತಬೇಡಿ, ಪ್ಲಾಸ್ಟಿಕ್ ಸೆಲ್ ಹೋಲ್ಡರ್ ಹಾಕಿ. ಡಬ್ಬಿಯನ್ನ ಎಲ್ಲಾ ಕಡೆ ಸಿಲಿಕಾನ್ ಬಳಿದು ಬಾಂಬ್ ಮಾಡಬೇಡಿ. ಮೇಲಿಂದ ಔಷಧಿ ನೀರು ಸೋರದ ಹಾಗೆ ಮುಚ್ಚಿ, ಕೆಳಮುಖವಾಗಿ ಒಂದು ಸಣ್ಣ ತೂತು ಬಿಡಿ. ಅದು ಹೊತ್ತೋರ ಮೈ ಕಡೆ ಇರಬಾರದು, ಹೊರಕ್ಕೆ ಇರಬೇಕು.

ಬಿಸಿಲಿನ ಮಾತು ಇನ್ನೊಂದು. ಏಪ್ರಿಲ್‌ನಲ್ಲಿ ಬದುವಿನ ಮೇಲೆ ಪಂಪ್ ಇಟ್ಟು ಊಟಕ್ಕೆ ಹೋದರೆ ಪ್ಲಾಸ್ಟಿಕ್ ಎಷ್ಟು ಕಾದಿರುತ್ತೆ ಅಂತ ಮುಟ್ಟಿದವರಿಗೆ ಗೊತ್ತು. ಮರದ ನೆರಳಿಗೆ ಇಡಿ. ಮನೆಗೆ ತಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಲಿ. ಸೆಲ್ 45 ಡಿಗ್ರಿ ಮೇಲಿದ್ದಾಗ ಚಾರ್ಜ್ ಮಾಡಬಾರದು.


ಮದ್ದೂರು ಮೇಡಂ:

ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಬಂದಿರೋ ಮಾತೆಲ್ಲಾ ಸರಿ. ಆದರೂ ಕೇಳುತ್ತೇನೆ, ಇವರು ಯಾಕೆ ಕಟ್ಟಬೇಕು? 12.8 ವೋಲ್ಟ್ ಎಲ್ಎಫ್‌ಪಿ ಪ್ಯಾಕ್ ಬಿಎಂಎಸ್ ಸಮೇತ ರೆಡಿ ಸಿಗುತ್ತಲ್ಲ. ಬಿಲ್ ಇರುತ್ತೆ, ವಾರಂಟಿ ಇರುತ್ತೆ. ಸೆಲ್‌ಗೆ ಐಎಸ್ 16046 ಅನ್ನೋ ಭಾರತೀಯ ಸುರಕ್ಷತಾ ಮಾನಕದ ಗುರುತು ಇದೆಯಾ ಅಂತ ಕೇಳಬಹುದು. ವಿದ್ಯಾರ್ಥಿಗಳು ಕಟ್ಟುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಮನೆಯಲ್ಲಿ ಒಬ್ಬರೇ ಕೂತು ಮೊದಲ ಸಲ ಕಟ್ಟೋದು ನನಗೆ ಸಮಾಧಾನ ಇಲ್ಲ.

ಇನ್ನೊಂದು, ವಿಷಯಕ್ಕೆ ಸ್ವಲ್ಪ ಹೊರಗೆ. ನಮ್ಮ ಮಂಡ್ಯ ಜಿಲ್ಲೆಯ ಅಲ್ಲಾಪಟ್ಟಣದ ಕಡೆಯೇ ಲಿಥಿಯಂ ಇದೆ ಅಂತ ನಮ್ಮ ಹುಡುಗರು ಹೆಮ್ಮೆಯಿಂದ ಹೇಳುತ್ತಿರುತ್ತಾರೆ. ಸೆಲ್ ಅಗ್ಗ ಆಗುತ್ತಾ ಅಂತಲೂ ಕೇಳುತ್ತಾರೆ!


ಬೆಸುಗೆ ಬೆಂಚು, ನಂಜುಮಳಿಗೆ:

ಮೇಡಂ ಹೇಳಿದ್ದು ಸರಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ರೆಡಿ ಪ್ಯಾಕ್ ತಗೊಳ್ಳೋದೇ ವಾಸಿ. ನನ್ನ ಅಂಗಡಿಗೆ ಬಂದವರಿಗೂ ಎಷ್ಟೋ ಸಲ ಅದನ್ನೇ ಹೇಳಿ ಕಳಿಸುತ್ತೇನೆ. ಇವರು ಚಾರ್ಜರ್‌ಗೆ ತಾವೇ ಮೀಟರ್ ಹಿಡಿದು 14.4 ಅಂತ ನೋಡಿದ್ದಾರೆ, ಸ್ಟಿಕ್ಕರ್ ನಂಬಿ ಕೂತಿಲ್ಲ. ಅದು ನೋಡಿಯೇ ನಾನು ಇಷ್ಟು ಬರೆದಿದ್ದು. ರೆಡಿ ಪ್ಯಾಕ್ ತಗೊಂಡರೂ ಚಾರ್ಜರ್ ಮಾತು, ಚಾರ್ಜ್ ಹಾಕೋ ಜಾಗದ ಮಾತು ಬದಲಾಗಲ್ಲ.

ಅಲ್ಲಾಪಟ್ಟಣದ ಕಡೆ 1,600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಹೇಳಿದ್ದರು. ಕಲ್ಲಿನಲ್ಲಿರೋದು. ಅಗೆದು, ಬೇರ್ಪಡಿಸಿ, ಸೆಲ್ ಮಾಡೋದು ಬೇರೆಯೇ ದೊಡ್ಡ ಕೆಲಸ. ಈ ಬೆಳೆಗೆ ಅದನ್ನ ನಂಬಿಕೊಳ್ಳೋಕಾಗಲ್ಲ.


ಪಾಂಡವಪುರದವನು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲಾ ಅಮ್ಮನಿಗೆ ಓದಿ ಹೇಳಿದೆ. ಪಂಪ್ ಈಗ ಜಗಲಿಯಲ್ಲಿ, ಕಲ್ಲು ಚಪ್ಪಡಿ ಮೇಲೆ, ಹಗಲು ಹೊತ್ತು ಮಾತ್ರ ಚಾರ್ಜ್ ಆಗುತ್ತಿದೆ. ಮೂಟೆ ಆ ಕಡೆ ಹೋಯ್ತು.

ಸ್ಕ್ರೂ ಇರೋ 32700 ಎಂಟು ಸೆಲ್, ಬಿಎಂಎಸ್, 14.6 ಚಾರ್ಜರ್ ತರಿಸಿದೆ. ಮೋಟಾರ್ ಓಡುವಾಗ ಮೀಟರ್ ಸೀರೀಸ್‌ನಲ್ಲಿ ಹಾಕಿ ನೋಡಿದೆ, 3.4 ಆಂಪ್ ಎಳೆಯುತ್ತೆ. ಪರಿಚಯದ ಮೊಬೈಲ್ ಅಂಗಡಿಯಲ್ಲಿ ಎಂಟನ್ನೂ ಪ್ಯಾರಲಲ್ ಮಾಡಿ 3.65ಕ್ಕೆ ತುಂಬಿಸಿಕೊಟ್ಟರು. ಬಿಚ್ಚಿ ಒಂದು ವಾರ ಸುಮ್ನೆ ಇಟ್ಟು ಮತ್ತೆ ನೋಡಿದೆ. ಏಳು ಸೆಲ್ 3.34, 3.35 ಇವೆ. ಒಂದು ಮಾತ್ರ 3.29. ವ್ಯತ್ಯಾಸ ನೀವು ಹೇಳಿದ 0.05ರ ಹತ್ತಿರವೇ ಇದೆಯಲ್ಲ, ಸೇರಿಸಬಹುದಾ? ಮಳೆ ಬಿಟ್ಟಿದೆ, ಔಷಧಿ ಹೊಡೆಯೋ ಕೆಲಸ ಮುಂದೆ ಕೂತಿದೆ. ಬೆಳೆ ಇಲ್ಲದ ತಿಂಗಳಲ್ಲಿ ಪ್ಯಾಕ್ ಹೇಗೆ ಇಡಬೇಕು ಅಂತಲೂ ಹೇಳಿ.


ಬೆಸುಗೆ ಬೆಂಚು, ನಂಜುಮಳಿಗೆ:

ಸೇರಿಸಬೇಡಿ. 0.05 ಅಂದಿದ್ದು ಪೆಟ್ಟಿಗೆಯಿಂದ ತೆಗೆದ ಸೆಲ್‌ಗಳನ್ನ ಮೊದಲ ಸಲ ಪ್ಯಾರಲಲ್ ಮಾಡೋಕೆ. ಇಲ್ಲಿ ಮಾತು ಬೇರೆ. ಎಂಟೂ ಒಂದೇ ತಟ್ಟೆಯಲ್ಲಿ ಊಟ ಮಾಡಿ ಎದ್ದಿವೆ, ಎಲ್ಲವೂ ಪೂರ್ತಿ ತುಂಬಿದ್ದವು. ಎಲ್ಎಫ್‌ಪಿಯಲ್ಲಿ ಪೂರ್ತಿ ತುಂಬಿದ ಸೆಲ್ ವಾರ ಬಿಟ್ಟರೂ 3.33ಕ್ಕಿಂತ ಮೇಲೇ ನಿಲ್ಲಬೇಕು. 3.29ಕ್ಕೆ ಬಂತು ಅಂದರೆ ಅದು ಸುಮ್ನೆ ಕೂತಲ್ಲೇ ಒಳ್ಳೇ ಪಾಲು ಖಾಲಿ ಮಾಡಿಕೊಂಡಿದೆ. ಮೀಟರ್‌ನಲ್ಲಿ ಕಾಣೋ ಅಷ್ಟು ಸಣ್ಣ ಸಂಖ್ಯೆ ಈ ಸೆಲ್‌ಗಳಲ್ಲಿ ಸಣ್ಣದಲ್ಲ. ಒಳಗೆ ಎಲ್ಲೋ ಸೋರಿಕೆ ಇದೆ. ವೋಲ್ಟೇಜ್ ಬರೆದಿರೋ ಸೆಲ್ ಫೋಟೋ ತೆಗೆದು ಮಾರಿದವರಿಗೆ ಕಳಿಸಿ, ಬದಲಾಯಿಸಿ ಕೊಡಿ ಅಂತ ಕೇಳಿ. ಅಲ್ಲಿಯವರೆಗೆ ಅದನ್ನ ಬೇರೆ ಇಡಿ, ಎರಡೂ ತುದಿಗೆ ಟೇಪ್ ಅಂಟಿಸಿ.

ಕೆಲಸ ನಿಲ್ಲಬೇಕಾಗಿಲ್ಲ. ಏಳರಲ್ಲಿ ನಾಲ್ಕು ತಗೊಂಡು ಬರೀ ನಾಲ್ಕು ಸೀರೀಸ್ ಕಟ್ಟಿ. 6 ಆಂಪ್-ಅವರ್ ಸಿಗುತ್ತೆ. 3.4 ಆಂಪ್ ಎಳೆದರೆ ಒಂದೂಮುಕ್ಕಾಲು ಗಂಟೆ. ಈಗಿರೋ ಲೆಡ್‌ಗಿಂತ ಜಾಸ್ತಿಯೇ ಬರುತ್ತೆ. ಬಿಎಂಎಸ್, ಚಾರ್ಜರ್ ಎರಡೂ ಅವೇ ನಡೆಯುತ್ತವೆ. ಬದಲಿ ಸೆಲ್ ಬಂದ ಮೇಲೆ ಪ್ಯಾಕ್ ಬಿಚ್ಚಿ, ಎಂಟನ್ನೂ ಮತ್ತೊಂದು ಸಲ 3.65ಕ್ಕೆ ಒಟ್ಟಿಗೆ ತುಂಬಿಸಿ, ವಾರ ಇಟ್ಟು ನೋಡಿ, ಆಮೇಲೆ ಎರಡು ಪ್ಯಾರಲಲ್ ಮಾಡಿ.

ಕೆಲಸ ಇಲ್ಲದ ತಿಂಗಳಲ್ಲಿ ಪೂರ್ತಿ ತುಂಬಿಸಿ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಅರ್ಧ ತುಂಬಿರಲಿ. ಪಂಪ್‌ನಿಂದ ಕನೆಕ್ಟರ್ ತೆಗೆದು, ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಎರಡು ತಿಂಗಳಿಗೊಮ್ಮೆ ಮೀಟರ್ ಹಿಡಿಯಿರಿ. ಬಿಎಂಎಸ್ ತಾನೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತೆ. 12.8ಕ್ಕಿಂತ ಕೆಳಗೆ ಬಂದಿದ್ದರೆ ಸ್ವಲ್ಪ ತುಂಬಿಸಿ.

ಹಳೇ ಲೆಡ್ ಬ್ಯಾಟರಿಯನ್ನ ಹಿತ್ತಲಲ್ಲಿ ಬಿಡಬೇಡಿ. ಬ್ಯಾಟರಿ ಮಾರೋ ಅಂಗಡಿಗೆ ಕೊಟ್ಟರೆ ಸೀಸಕ್ಕೆ ದುಡ್ಡು ಕೊಡುತ್ತಾರೆ. ಹಳೇ ಬ್ಯಾಟರಿ ವಾಪಸ್ ಸೇರಿಸೋ ಹೊಣೆ ತಯಾರಿಸಿದವರದ್ದು ಅಂತ 2022ರ ನಿಯಮದಲ್ಲೂ ಇದೆ. ಒಡೆದು ಆಸಿಡ್ ಚೆಲ್ಲೋರ ಕೈಗೆ ಮಾತ್ರ ಕೊಡಬೇಡಿ, ಅದು ಕೊನೆಗೆ ನಿಮ್ಮ ನಾಲೆಗೇ ಬರುತ್ತೆ.

ಈಗಿನ ನಾಲ್ಕು ಸೆಲ್ ಪ್ಯಾಕಿಗೆ 7.5 ಆಂಪ್ ಫ್ಯೂಸ್ ಸಾಕು. ಎಂಟು ಮಾಡಿದ ದಿನವೂ ಅದನ್ನೇ ಬಿಡಿ, ಮೋಟಾರ್ ಅದೇ ತಾನೇ. ಡಬಲ್ ಮೋಟಾರ್ ಪಂಪ್‌ಗೆ ಹಾಕಿದರೆ ಮಾತ್ರ ಮತ್ತೆ ಆಂಪ್ ಅಳೆದು ನನಗೆ ಬರೆಯಿರಿ, ಫ್ಯೂಸ್, ವೈರ್ ಎರಡೂ ನೋಡಿ ಹೇಳುತ್ತೇನೆ.